ಕರೆಯದ ಕರಪತ್ರಗಳು

ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಕೊನೆಯಲ್ಲಿ, ನಮ್ಮ ಸೀಮೆಯ ಅಡಿಕೆ ಬೆಳೆಗಾರರಿಗಾಗಿ ತೋಟದಲ್ಲಿಯೇ ಒಂದು ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಿದ್ದೆವು. ಕರಪತ್ರವನ್ನು ಬರೆದವನು ನಾನೇ. ಐನೂರು ಪ್ರತಿಗಳು ಅಚ್ಚಾದವು, ಹಂಚಿಕೆಯೂ ಆಯಿತು. ಬಂದವರು ಹನ್ನೊಂದು ಮಂದಿ. ಅವರಲ್ಲಿ ನಾಲ್ವರು ಆ ತೋಟದ ಮನೆಯವರೇ. ಆ ವರ್ಷ ಮಳೆ ಬಿಡುವು ಕೊಡಲಿಲ್ಲ. ಆಗಸ್ಟಿನ ಹೊತ್ತಿಗೆ ಉದುರಿದ ಎಳೆಯಡಿಕೆ ತೋಟಗಳ ನೆಲವನ್ನು ಮುಚ್ಚಿತ್ತು. ಮದ್ದು ಹೊಡೆಯುವ ಕ್ರಮವನ್ನು ಮೊದಲೇ ತಿಳಿಸಬಾರದಿತ್ತೇ ಎಂದು ನೆರೆಯ ಹಿರಿಯರೊಬ್ಬರು ಕೇಳಿದರು. ಕರಪತ್ರ ತಲುಪಲಿಲ್ಲವೇ ಎಂದೆ. "ಬಂದಿತ್ತು ಮಾರಾಯ್ರೇ. ಅದೇನೋ ಹೊಸ ರೋಗದ್ದು ಅಂದ್ಕೊಂಡೆ. ನಮ್ಮ ತೋಟಕ್ಕೆ ಬಂದದ್ದು ಬರೀ ಕೊಳೆ ಅಲ್ವಾ?" ಎಂದರು.

ಮನೆಗೆ ಬಂದು ಆ ಹಾಳೆಯನ್ನು ತೆಗೆದು ನೋಡಿದೆ. 'ಅಡಿಕೆಯಲ್ಲಿ ಫೈಟಾಫ್ತೊರಾ ಬಾಧೆಯ ಸಮಗ್ರ ನಿರ್ವಹಣೆ' ಎಂಬುದು ತಲೆಬರಹ. ಕೊಳೆರೋಗ ಎಂಬ ಮಾತು ಒಮ್ಮೆಯೂ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪರದೇಶದ ವಿಜ್ಞಾನಿಗಳು ಕಾಫಿ ಗಿಡವನ್ನು ಕೊಳೆಸುವ ಶಿಲೀಂಧ್ರವೊಂದಕ್ಕೆ 'ಪೆಲಿಕ್ಯುಲೇರಿಯಾ ಕೊಳೆರೋಗ' ಎಂದು ಹೆಸರಿಟ್ಟಿದ್ದರು. ಕೆನಡಾದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ರೋಗವನ್ನು ಕುರಿತು ಬರೆದಾಗಲೂ ಕೊಳೆರೋಗ ಎಂಬ ಮಾತನ್ನೇ ಉಳಿಸಿಕೊಂಡರು. ಅವರು ನಮ್ಮಿಂದ ಪಡೆದುಕೊಂಡ ಪದವನ್ನು, ಇದೇ ನೆಲದಲ್ಲಿ ಹುಟ್ಟಿದ ನಾನು ಪದವಿಯ ಭಾರದಲ್ಲಿ ಕಳೆದುಕೊಂಡಿದ್ದೆ.

ನನ್ನದಷ್ಟೇ ತಪ್ಪಲ್ಲ. ನಮ್ಮ ಚಳವಳಿಯ ಕರಪತ್ರಗಳನ್ನೇ ಗಮನಿಸಿರಿ. ಮೇಲೆ ಘೋಷವಾಕ್ಯ, ಅದರ ಕೆಳಗೆ ಸಹಯೋಗದ ಸಂಘಸಂಸ್ಥೆಗಳ ಪಟ್ಟಿ, ಬಳಿಕ ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಪ್ರಾಸ್ತಾವಿಕ ನುಡಿ, ವಂದನಾರ್ಪಣೆ. ದಿನ ಮತ್ತು ಸ್ಥಳವನ್ನು ಈ ಹೆಸರುಗಳ ಸಂದಿಯಲ್ಲಿ ಹುಡುಕಬೇಕು. ಸಭೆಯಲ್ಲಿ ನಡೆಯುವುದೇನು ಎಂಬುದಂತೂ ಹುಡುಕಿದರೂ ಸಿಗದು. ಯಕ್ಷಗಾನದ ಕರಪತ್ರದಲ್ಲಿಯೂ ಹೆಸರುಗಳ ಸಾಲೇ ಇರುತ್ತದೆಯಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ಭಾಗವತರು ಯಾರು, ಮದ್ದಳೆಗೆ ಯಾರು, ಸ್ತ್ರೀವೇಷ ಯಾರದು ಎಂಬುದನ್ನು ನೋಡಿಯೇ ಜನ ಹೊರಡುತ್ತಾರೆ. ವಂದನಾರ್ಪಣೆ ಯಾರದೆಂದು ನೋಡಿ ಮನೆಯಿಂದ ಹೊರಟವರನ್ನು ನಾನು ಕಂಡಿಲ್ಲ. ಮೇಳದವರು ಪ್ರಸಂಗದ ಹೆಸರನ್ನೂ ಆಟದ ಹೊತ್ತನ್ನೂ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಟಿಕೆಟ್ಟಿನ ಆಟವಾದರೆ ಆ ರಾತ್ರಿಯ ಗಳಿಕೆ ಅದರ ಮೇಲೆಯೇ ನಿಂತಿರುತ್ತದೆ. ನಮ್ಮ ಸಭೆಗೆ ಜನ ಬಾರದಿದ್ದರೆ ನಷ್ಟವು ಯಾರ ಲೆಕ್ಕಕ್ಕೂ ಬರುವುದಿಲ್ಲ; ಆದ್ದರಿಂದ ನಮ್ಮ ಕೈ ಸಡಿಲ.

ಮಲೆನಾಡಿನ ಒಂಟಿ ಮನೆಯಿಂದ ಸಭೆಗೆ ಬರುವವರಿಗೆ ತಿಳಿಯಬೇಕಾದುದು ಬೇರೆ. ಯಾವ ತಿರುವಿನಲ್ಲಿ ಇಳಿಯಬೇಕು, ಎಷ್ಟು ದೂರ ನಡೆಯಬೇಕು, ಮರಳಲು ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಮಳೆ ಬಂದರೆ ಸಭೆ ಎಲ್ಲಿ. ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕಾದ ಹೆಂಗಸರು ಸಭೆ ಮುಗಿಯುವ ವೇಳೆಯನ್ನೂ ಕೇಳುತ್ತಾರೆ; ನಾವು ಆರಂಭದ ವೇಳೆಯನ್ನು ಮಾತ್ರ ಬರೆಯುತ್ತೇವೆ, ಅದನ್ನೂ ಪಾಲಿಸುವುದಿಲ್ಲ. ಸಭೆಯ ತಿರುಳನ್ನು ಒಂದು ಸಾಲಿನಲ್ಲಿ ಕರಪತ್ರದಲ್ಲಿಯೇ ಕೊಡುವುದು ಇನ್ನೂ ಒಳ್ಳೆಯದು. 'ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಬೆರೆಸುವ ಕ್ರಮವನ್ನು ತೋಟದಲ್ಲಿ ಮಾಡಿ ತೋರಿಸಲಾಗುವುದು' ಎಂದು ಬರೆದಿದ್ದರೆ, ಬರಲಾಗದವರೂ ಆ ಹಾಳೆಯನ್ನು ಪಂಚಾಂಗದೊಳಗೆ ಇಟ್ಟುಕೊಳ್ಳುತ್ತಿದ್ದರು.

ಕರಪತ್ರವನ್ನು ಕೈಯಲ್ಲಿ ಹಿಡಿದು ಓದುತ್ತಾರೆ. ಭಿತ್ತಿಪತ್ರವನ್ನು ಓಡುವ ಬಸ್ಸಿನ ಕಿಟಕಿಯಿಂದ ನೋಡುತ್ತಾರೆ. ಈ ಭೇದವನ್ನು ಮರೆತು ಒಂದನ್ನೇ ಹಿಗ್ಗಿಸಿ ಇನ್ನೊಂದನ್ನು ಮಾಡುತ್ತಿದ್ದೇವೆ. ಭಿತ್ತಿಪತ್ರಕ್ಕೆ ವಿಷಯ, ದಿನ, ವೇಳೆ, ಊರು, ಇಷ್ಟು ಸಾಕು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ. ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಾಗಿ ಎರಡೂ ಕೆಡುತ್ತವೆ. ಅಕ್ಷರಕ್ಕೆ ನೆರಳು, ಅಂಚು, ಹಿಂದೆ ಜಲಪಾತದ ಚಿತ್ರ, ಇವೆಲ್ಲ ಗಣಕಯಂತ್ರದ ಆಮಿಷಗಳು. ಪರಿಸರದ ಕಾರ್ಯಕ್ರಮವೆಂದರೆ ಹಸಿರು ಹಿನ್ನೆಲೆಯ ಮೇಲೆ ಕೆಂಪಕ್ಷರವನ್ನೇ ಹಾಕಬೇಕೆಂದು ಯಾರು ವಿಧಿಸಿದರೋ ತಿಳಿಯದು. ಮಳೆಗಾಲದ ಮಂಕು ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ವಿದ್ಯಾರ್ಥಿ ಮಿತ್ರರು ಅಚ್ಚಿಗೆ ಕೊಡುವ ಮೊದಲು ಕರಡನ್ನು ಬಸ್ ತಂಗುದಾಣದ ಗೋಡೆಗೆ ಹಿಡಿದು, ಹದಿನೈದು ಹೆಜ್ಜೆ ದೂರದಿಂದ ಅಜ್ಜಿಯೊಬ್ಬರಿಗೆ ತೋರಿಸಿ ನೋಡಲಿ.

ಫ್ಲೆಕ್ಸಿನ ಮಾತನ್ನು ನಯವಾಗಿ ಹೇಳಲಾರೆ. 2016ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸಿತು. 2022ರ ಜುಲೈ 1ರಿಂದ ನೂರು ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೆ ದೇಶದಾದ್ಯಂತ ನಿಷೇಧ ಬಂದಿತು. ಆದರೂ ಪರಿಸರ ದಿನದ ವೇದಿಕೆಯ ಹಿಂದೆಯೇ ಅದು ತೂಗುತ್ತಿರುತ್ತದೆ. ಸಮಾರಂಭ ಮುಗಿದ ಮೇಲೆ ಕಟ್ಟಿಗೆ ರಾಶಿಗೆ ಹೊದಿಕೆಯಾಗಿ, ಒಂದೆರಡು ಮಳೆಗಾಲ ಕಳೆದು ಹರಿದಾಗ ಬಚ್ಚಲ ಒಲೆಗೆ ಹೋಗುತ್ತದೆ. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ, ಡಯಾಕ್ಸಿನ್‌ಗಳೂ ಹುಟ್ಟುತ್ತವೆ. ನೀರು ಕಾಯಿಸಲು ಒಲೆಯ ಮುಂದೆ ಕುಳಿತವರು ಅದನ್ನು ಉಸಿರಾಡುತ್ತಾರೆ. ಇನ್ನು ಮರಕ್ಕೆ ಮೊಳೆ ಹೊಡೆದು ತೂಗುಹಾಕುವ ಭಿತ್ತಿಪತ್ರ! ಆ ಗಾಯದ ಮೂಲಕ ಶಿಲೀಂಧ್ರಗಳು ಒಳಹೊಗುತ್ತವೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಆ ಅಪ್ಪಿಕೋ ಚಳವಳಿ ಪಾದಯಾತ್ರೆ, ಬೀದಿ ನಾಟಕಗಳಿಂದ ಊರೂರಿಗೆ ಹಬ್ಬಿತು. ಅದರ ನೆನಪಿನ ಸಭೆಯ ಭಿತ್ತಿಪತ್ರವನ್ನು ಮತ್ತಿಮರಕ್ಕೆ ಮೊಳೆ ಹೊಡೆದು ತೂಗಿಸಿದ್ದನ್ನು ನಾನು ಕಂಡಿದ್ದೇನೆ. ಕಿತ್ತು ಜೇಬಿಗೆ ಹಾಕಿಕೊಂಡ ಮೊಳೆ ನನ್ನ ಮೇಜಿನ ಮೇಲಿದೆ.

ಬಟ್ಟೆಯ ಬ್ಯಾನರು ಹತ್ತು ವರ್ಷ ಬಾಳುತ್ತದೆ. ದಿನಾಂಕದ ತುಂಡನ್ನು ಮಾತ್ರ ಬದಲಿಸಿ ಹೊಲಿದರಾಯಿತು. ಕಾಗದಕ್ಕೆ ಮೈದಾ ಅಂಟು ಸಾಕು. ಹಚ್ಚುವ ಮೊದಲು ಗೋಡೆಯ ಒಡೆಯರನ್ನು ಕೇಳಿಕೊಳ್ಳಿರಿ. ಹುಳು ಹಿಡಿಯದಿರಲೆಂದು ಪುಸ್ತಕ ಕಟ್ಟುವವರಂತೆ ಅಂಟಿಗೆ ಮೈಲುತುತ್ತ ಬೆರೆಸಬೇಡಿರಿ, ಬೀದಿಯ ದನಗಳು ಭಿತ್ತಿಪತ್ರವನ್ನು ಎಳೆದು ತಿನ್ನುತ್ತವೆ.

ಮುಂದಿನ ಮೇ ತಿಂಗಳಿನ ಪ್ರಾತ್ಯಕ್ಷಿಕೆಗೆ ಈ ಬಾರಿ ಕರಪತ್ರವನ್ನು ನಾನು ಬರೆಯುವುದಿಲ್ಲ. ಬರೀ ಕೊಳೆ ಎಂದ ಆ ಹಿರಿಯರನ್ನೇ ಕೇಳಿಕೊಂಡಿದ್ದೇನೆ. ಅವರು ಹೇಳುತ್ತಾರೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ. ಮೊದಲ ಸಾಲು ಸಿದ್ಧವಾಗಿದೆಯಂತೆ: 'ಕೊಳೆ ಬರುವ ಮೊದಲು ಬನ್ನಿ.'