ಮೂರನೆಯ ಪಟ್ಟಿಕೆ ಬೇಡ

ಹಿಂಸೆಯನ್ನು ಕಲೆ ಹೇಗೆ ನೆನಪಿಡಬೇಕು? ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರು ಹೊತ್ತ ಭರಮಸಾಗರದಿಂದ ಹಿಡಿದು 1779ರಲ್ಲಿ ಹೈದರಾಲಿಯ ವಶವಾದ ದುರ್ಗದವರೆಗೆ, ಕಾಳಗ ಕಂಡ ನಮ್ಮ ಸೀಮೆಗೆ ಗೊತ್ತಿರುವ ಹಳೆಯ ಉತ್ತರ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕೈಮುಗಿದು ಕೂತ ವೀರ. ಎರಡೇ ಹೆಜ್ಜೆಗೆ ರಕ್ತ ಕೈಲಾಸವಾಗಿಬಿಡುತ್ತದೆ.

ಗಂಡನ ಚಿತೆಯಲ್ಲಿ ಸುಟ್ಟುಹೋದವಳ ನೆನಪಿನ ಮಾಸ್ತಿಗಲ್ಲು ಇನ್ನೂ ಕಠೋರ. ಕಂಬದಿಂದ ಚಾಚಿದ ಒಂದು ತೋಳು, ಮೊಣಕೈ ಮಡಿಸಿ ಮೇಲೆದ್ದ ಅಂಗೈ, ಕೆಲವು ಕಲ್ಲುಗಳಲ್ಲಿ ಬೆರಳ ಸಂದಿಗೆ ನಿಂಬೆಹಣ್ಣು. ಬಳೆಗಳನ್ನು ಶಿಲ್ಪಿ ಒಂದೊಂದಾಗಿ ಬಿಡಿಸಿದ್ದಾನೆ. ಉರಿಯ ಗುರುತು ಆ ತೋಳಿನ ಮೇಲೆ ಎಲ್ಲೂ ಇಲ್ಲ. ತಾನಾಗಿ ಹೋದಳೋ, ನೂಕಿದರೋ ಎಂದು ಕೇಳಲು ಕಲ್ಲು ಜಾಗವನ್ನೇ ಬಿಟ್ಟಿಲ್ಲ. ಗಂಡನ ಸಾವು ರಾಜ್ಯದ ಲೆಕ್ಕಕ್ಕೆ, ಹೆಂಡತಿಯ ಸಾವು ಮನೆತನದ ಲೆಕ್ಕಕ್ಕೆ, ಎರಡಕ್ಕೂ ಪೂಜೆ.

ಹಿಂಸೆಯನ್ನು ನೆನಪಿಡಲು ಕಲಾವಿದರು ಕೈಯಾರೆ ಮಾಡುವ ಪುಸ್ತಕ ವೀರಗಲ್ಲಿನ ಈ ಮೂರನೆಯ ಪಟ್ಟಿಕೆಯನ್ನು, ಅಂದರೆ ಕೈಲಾಸದ ಸಮಾಧಾನವನ್ನು, ನಿರಾಕರಿಸಬೇಕು ಎಂಬುದು ನನ್ನ ವಾದ. ಸ್ಪೇನಿನ ಚಿತ್ರಕಾರ ಗೋಯಾ 1810ರಿಂದ 1820ರ ನಡುವೆ ಕೊರೆದ ಯುದ್ಧದ ಚಿತ್ರಮಾಲೆಯಲ್ಲಿ ಸತ್ತವರು ಸತ್ತಲ್ಲೇ ಬಿದ್ದಿದ್ದಾರೆ. ಅದು ಅಚ್ಚಾಗಿ ಹೊರಬಂದದ್ದು 1863ರಲ್ಲಿ, ಅವನು ತೀರಿಕೊಂಡು 35 ವರ್ಷಕ್ಕೆ. ಬಂಗಾಳದ ಬರದಲ್ಲಿ ಮೇದಿನಿಪುರ ಸುತ್ತಿ ಚಿತ್ರಕಾರ ಚಿತ್ತಪ್ರಸಾದ್ 1943ರಲ್ಲಿ ತಂದ ಪುಸ್ತಕವನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಟ್ಟಿತು. ಸಮಾಧಾನ ಹೇಳುವ ಪುಸ್ತಕವಾಗಿದ್ದರೆ ಸುಡುವ ಅಗತ್ಯ ಬೀಳುತ್ತಿರಲಿಲ್ಲ.

ರಾಜಕೀಯದ ಹಿಂಸೆ ಬೇರೆ, ಮನೆಯದು ಬೇರೆ ಎನ್ನುವವರಿದ್ದಾರೆ. ಆದರೆ ಶಾಸನಗಳನ್ನು ಓದುತ್ತ ಬಾಳಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಕೊಂದದ್ದು ಅವರ ಮನೆಯ ಬಾಗಿಲಲ್ಲೇ. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದದ್ದೂ ಮನೆಯ ಮುಂದೆಯೇ. ಹೊಸ್ತಿಲ ಒಳಗೆ ಏಟು ತಿಂದವಳ ಮಾತಿಗೂ ಹೊಸ್ತಿಲಲ್ಲಿ ಬಿದ್ದ ಗುಂಡಿಗೂ ಒಂದೇ ಪುಸ್ತಕದಲ್ಲಿ ಜಾಗವಿರಬೇಕು.

ಅಂಥ ಪುಸ್ತಕದ ಆಕಾರ ನಮ್ಮಲ್ಲೇ ಇದೆ: ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಿಸಿಟ್ಟರೆ ಕಪ್ಪು ಪುಟಗಳು. ಬಳಪದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಅಳಿಸಬಹುದಾದದ್ದು ಸಾಕ್ಷಿ ಹೇಗಾದೀತು ಎಂಬ ಆಕ್ಷೇಪ ಹಗುರವಾದದ್ದಲ್ಲ. ಕೊಂದವರಿಗೂ ಬೇಕಾದದ್ದು ಅಳಿಸುವುದೇ. ಆದರೆ ಠಾಣೆಯಲ್ಲಿ ನೊಂದವಳ ಹೇಳಿಕೆಯನ್ನು ಬರೆಯುವ ಕೈ ಇನ್ನೊಬ್ಬರದು, ದಾಖಲಾದ ಮೇಲೆ ಅದನ್ನು ಒರೆಸುವ ಹಕ್ಕು ಅವಳಿಗಿಲ್ಲ. ಕಡತದಲ್ಲಿ ಬರೆಯುವ ಕೈಯೂ ಒರೆಸುವ ಕೈಯೂ ಅವಳದೇ. ಕೊಲೆಯ ದಿನಾಂಕಗಳನ್ನು ಮಾತ್ರ ಯಾರೂ ಒರೆಸದಂತೆ ದಾರದಲ್ಲಿ ಹೊಲಿಯಲಿ.

ಇಂಥ ಕಡತ ಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಸೇರಬಾರದು. ಸೇರಿದರೆ ಮತ್ತೊಂದು ಕಲ್ಲು. ಬರೆದವಳ ಟ್ರಂಕಿನಲ್ಲೇ ಇರಲಿ, ಯಾರಿಗೆ ಬಿಚ್ಚಿ ತೋರಿಸಬೇಕೆಂದು ಅವಳೇ ತೀರ್ಮಾನಿಸಲಿ. ಹುಣಸೆಬೀಜಕ್ಕೆ ನಮ್ಮ ಕಡೆ ಬರವಿಲ್ಲ. ಕಲಿಸುವವರು ಬೇಕು, ಚಿತ್ರಕಲಾ ಶಾಲೆಗಳ ಪಾಠದಲ್ಲಿ ಕಡತ ಕಟ್ಟುವುದಕ್ಕೆ ಒಂದು ವಾರವಾದರೂ ಸಿಗಬೇಕು.