ಮಿಡಿಯ ಊರು ಯಾವುದು?

ವಾನಳ್ಳಿಯ ಕಡೆ ಊಟಕ್ಕೆ ಕುಳಿತವನ ಎಲೆಯ ತುದಿಗೆ ಅಪ್ಪೆಮಿಡಿ ಬೀಳದೆ ಇರದು. ಅದನ್ನು ಸುಮ್ಮನೆ ಬಡಿಸುವುದೂ ಇಲ್ಲ. ಇದು ಹಳ್ಳದ ದಂಡೆಯ ಮರದ್ದು, ಇದು ಜೀರಿಗೆ ಮಿಡಿ ಎಂದು ಹೇಳಿಯೇ ಬಡಿಸುತ್ತಾರೆ. ಅನಂತಭಟ್ಟನ ಅಪ್ಪೆ ಎಂಬ ಹೆಸರಿನಲ್ಲಂತೂ ಒಬ್ಬ ಮನುಷ್ಯನೇ ಉಳಿದಿದ್ದಾನೆ. ಕಸಿಯ ಕಡ್ಡಿ ಬೇರೆ ಸೀಮೆಗೆ ಹೋದರೂ ಹೆಸರು ಅದರ ಬೆನ್ನಿಗಿರುತ್ತದೆ.

ಈಗ ಮರದಿಂದ ಹೋಗುವುದು ಕಡ್ಡಿಯೊಂದೇ ಅಲ್ಲ. ಒಂದು ಎಲೆಯ ಡಿ.ಎನ್.ಎ.ಯನ್ನು ಓದಿ, ಆ ಅಕ್ಷರಮಾಲೆಯನ್ನು ಅಮೇರಿಕ, ಯುರೋಪು, ಜಪಾನುಗಳು ಕೂಡಿ ನಡೆಸುವ ದತ್ತಾಂಶ ಭಂಡಾರಕ್ಕೆ ಸೇರಿಸಿದರೆ, ಜಗತ್ತಿನ ಯಾವ ಪ್ರಯೋಗಶಾಲೆಯಾದರೂ ಬಿಟ್ಟಿಯಾಗಿ ಬಳಸಬಹುದು. ಇದು ವಿಜ್ಞಾನಕ್ಕೆ ಒಳ್ಳೆಯದೇ. ಬಾಗಿಲು ಹಾಕಿ ಎನ್ನುವವನು ನಾನಲ್ಲ. ಕೊರತೆಯಿರುವುದು ಅಕ್ಷರಮಾಲೆಯ ಜೊತೆಗಿರಬೇಕಾದ ವಿವರಪಟ್ಟಿಯಲ್ಲಿ. ಮಾದರಿ ಎಲ್ಲಿಯದು, ಎಂದು ತೆಗೆದದ್ದು, ಯಾರು ತೆಗೆದದ್ದು ಎಂಬ ಈ ಪಟ್ಟಿಗೆ ಮೆಟಾಡೇಟಾ ಎನ್ನುತ್ತಾರೆ. ಹಳೆಯ ನಮೂದುಗಳಲ್ಲಿ ಎಷ್ಟೋ ಕಡೆ ಈ ಜಾಗ ಖಾಲಿ. ದೇಶವನ್ನೂ ಕಾಲವನ್ನೂ ಬರೆಯಬೇಕೆಂಬ ನಿಯಮ ಈಚಿನದು. ಅಲ್ಲಿಯೂ ‘ಭಾರತ’ ಎಂದರೆ ಸಾಕು. ವಾನಳ್ಳಿಗೆ ಅದರಿಂದ ಬಂದದ್ದೇನು?

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಒಂದು ಮರಕ್ಕೆ ಸಸ್ಯಶಾಸ್ತ್ರಜ್ಞರು 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಕಾನಿನ ಹೆಸರು ಲ್ಯಾಟಿನ್ನಿನಲ್ಲಿಯೂ ಬದುಕಿತು. ಅಕ್ಷರಮಾಲೆಗೆ ಆ ಭಾಗ್ಯವೇಕಿಲ್ಲ?

ಇದು ಬರಿಯ ಅಭಿಮಾನದ ಮಾತಲ್ಲ. ಜೀವಸಂಪತ್ತಿನಿಂದ ಬರುವ ಲಾಭದಲ್ಲಿ ಅದನ್ನು ಕಾಪಾಡಿದವರಿಗೆ ಪಾಲಿರಬೇಕೆಂದು ನಮ್ಮ 2002ರ ಜೀವವೈವಿಧ್ಯ ಕಾಯಿದೆ ಹೇಳುತ್ತದೆ. ಇಂಥ ದತ್ತಾಂಶದಿಂದ ಗಳಿಸುವ ದೊಡ್ಡ ಕಂಪನಿಗಳು ಲಾಭದ ಶೇಕಡಾ 1 ಅಥವಾ ಆದಾಯದ ಶೇಕಡಾ 0.1ರಷ್ಟನ್ನು ಕೊಡಲೆಂದು 2025ರ ಫೆಬ್ರುವರಿಯಲ್ಲಿ ಕಾಲಿ ನಿಧಿಯೂ ಆರಂಭವಾಯಿತು. ಕೊಡುವುದು ಅವರವರ ಮನಸ್ಸಿಗೆ ಬಿಟ್ಟದ್ದು ಎಂಬುದು ಬೇರೆ ಮಾತು! ಹಣವೆಲ್ಲ ಒಂದೇ ಹುಂಡಿಗೆ ಬೀಳುವಾಗ ಊರಿನ ಹೆಸರೇಕೆ ಎಂದು ಕೆಲವರು ಕೇಳುತ್ತಾರೆ. ಹುಂಡಿ ಒಡೆದು ಹಂಚುವ ದಿನ, ಹೆಸರೇ ಇಲ್ಲದ ಊರು ಯಾವ ಆಧಾರದ ಮೇಲೆ ಕೈಯೊಡ್ಡೀತು?

ಹಾಗೆಂದು ಮರ ನಿಂತ ಜಾಗವನ್ನೇ ಜಗತ್ತಿಗೆ ಸಾರಬೇಕಿಲ್ಲ. ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿಯುವವರು ನಮ್ಮಲ್ಲಿಯೇ ಇದ್ದಾರೆ. ಭಂಡಾರದಲ್ಲಿ ಊರಿನ ಹೆಸರು ಮಾತ್ರ ಇರಲಿ. ಮರದ ಗುರುತು ಪಂಚಾಯತಿಯ ಜೀವವೈವಿಧ್ಯ ದಾಖಲಾತಿ ಪುಸ್ತಕದಲ್ಲಿರಲಿ. ಮರಗಳ ಹೆಸರನ್ನು ಒಂದೊಂದಾಗಿ ಹೇಳಬಲ್ಲ ಅಜ್ಜಿಯಂದಿರು ಇನ್ನೂ ಇದ್ದಾರೆ. ಮುಂದಿನ ಮಿಡಿಗಾಲದಲ್ಲಿ ನಾವು ವಿದ್ಯಾರ್ಥಿಗಳೇ ನಾಲ್ಕು ಭಾನುವಾರ ಹೋಗಿ ಕುಳಿತು ಬರೆದುಕೊಂಡು ಬರಬಹುದು.