ಗಣಪನ ವಾಹನ, ನಮ್ಮ ವಾಹನದೊಳಗೆ

ಸೆಮಿಸ್ಟರ್ ರಜೆ ಮುಗಿಸಿ ಬಂದ್ರೆ ಸ್ಕೂಟರ್ ಸ್ಟಾರ್ಟ್ ಆಗಲ್ಲ. ಸೀಟ್ ಎತ್ತಿದರೆ ಒಳಗೆ ಚಿಂದಿ ಬಟ್ಟೆ, ಕಡಲೆಕಾಯಿ ಸಿಪ್ಪೆ, ತುಂಡಾದ ವೈರು. ಹಾಸ್ಟೆಲ್ ಹಿಂದಿನ ಶೆಡ್‌ನಲ್ಲಿ ಗಾಡಿ ನಿಲ್ಲಿಸೋ ನಮಗೆ ಇದು ಹೊಸದಲ್ಲ. ಆಟೋಮೊಬೈಲ್ ಕ್ಲಬ್‌ನ ಬಗ್ಗಿಯನ್ನೂ ಇಲಿಗಳು ಬಿಟ್ಟಿಲ್ಲ. ಹೊಸದು ಅಂದ್ರೆ ಈಗ ಕೇಳಿಬರ್ತಿರೋ ಪರಿಹಾರ: ಶೆಡ್ ತುಂಬಾ ಇಲಿ ಪಾಷಾಣ ಇಟ್ಟುಬಿಡೋಣ ಅಂತ. ಅದು ಬೇಡ ಅನ್ನೋದು ನಮ್ಮ ವಾದ.

ಅಂಗಡಿಯಲ್ಲಿ ಸಿಗುವ ಬಹುಪಾಲು ಪಾಷಾಣದ ಬಿಲ್ಲೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ತಿಂದ ಇಲಿ ತಕ್ಷಣ ಸಾಯಲ್ಲ, ಕೆಲವು ದಿನ ಓಡಾಡುತ್ತೆ. ಆ ದಿನಗಳಲ್ಲಿ ಅದನ್ನು ಹಿಡಿದು ತಿಂದ ಬೆಕ್ಕಿಗೂ ಗೂಬೆಗೂ ಅದೇ ವಿಷ. ಶೆಡ್‌ನಲ್ಲಿ ಪುಕ್ಕಟೆಯಾಗಿ ಇಲಿ ಹಿಡಿಯುತ್ತಿರುವ ಮೆಸ್ ಬೆಕ್ಕನ್ನು ನಾವೇ ಕೊಂದ ಹಾಗೆ! ಇನ್ನು ಇಲಿ ಕಾರಿನ ಎಸಿ ಡಕ್ಟ್ ಒಳಗೆ ಸತ್ತರೆ ಆ ವಾಸನೆ ಇಂಟರ್ನಲ್ಸ್ ಮುಗಿಯೋವರೆಗೂ ಹೋಗಲ್ಲ.

ಅಲ್ಟ್ರಾಸಾನಿಕ್ ಯಂತ್ರ ಹಾಕೋಣ ಅನ್ನೋ ಗೆಳೆಯರೂ ಇದ್ದಾರೆ. ಕೇಳೋಕೆ ಚೆನ್ನಾಗಿದೆ, ನಾವು ಇಸಿ ಬ್ರಾಂಚ್‌ನವರಿಗಂತೂ ಇನ್ನೂ ಚೆನ್ನಾಗಿದೆ. ಆದರೆ 2001ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಯಂತ್ರ ಮಾಡುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ‘ನಿಮ್ಮ ಮಾತಿಗೆ ವೈಜ್ಞಾನಿಕ ಪುರಾವೆ ಇರಬೇಕು’ ಅಂತ ಎಚ್ಚರಿಕೆ ಕೊಟ್ಟಿತ್ತು.

ಇಲಿಗೆ ವೈರಿನ ಮೇಲೆ ದ್ವೇಷವೇನಿಲ್ಲ. ಅದರ ಬಾಚಿಹಲ್ಲು ಜೀವನಪೂರ್ತಿ ಬೆಳೀತಾನೇ ಇರುತ್ತೆ, ಕಡಿದು ಸವೆಸಲೇಬೇಕು. ಆದರೆ ಅದು ಗಾಡಿಯೊಳಗೆ ಬರೋದು ಗೂಡಿಗೆ, ಊಟಕ್ಕೆ. ಆಯುಧಪೂಜೆ ದಿನ ಎರಚಿದ ಕಡ್ಲೆಪುರಿ ಸೀಟಿನ ಸಂದಿಯಲ್ಲಿ ಎಷ್ಟು ತಿಂಗಳು ಇರುತ್ತೆ, ನೋಡಿದ್ದೀರಾ? ಗಣಪನ ವಾಹನಕ್ಕೆ ಅದು ನೈವೇದ್ಯವೇ ಸರಿ. ರಜೆಗೆ ಮುಂಚೆ ಅದನ್ನೆಲ್ಲ ವ್ಯಾಕ್ಯೂಮ್ ಮಾಡಿ ತೆಗೀಬೇಕು.

ಆಮೇಲೆ ತೂತು. ಸಣ್ಣ ಇಲಿಗೆ ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 6 ಮಿಲಿಮೀಟರ್ ಜಾಗ ಸಾಕು. ಕಾರಿನ ಬ್ಲೋವರ್‌ಗೆ ಗಾಳಿ ಹೋಗೋ ಬಾಯಿಗೆ, ಶೆಡ್ ಗೋಡೆಯ ಬಿರುಕಿಗೆ ಅದಕ್ಕಿಂತ ಸಣ್ಣ ಕಣ್ಣಿನ ತಂತಿಜಾಲರಿ ಬೇಕು. ಸ್ಟೀಲ್ ವುಲ್ ತುರುಕೋದು ಗೋಡೆಗೆ ಸರಿ, ವೈರಿನ ಹತ್ತಿರ ಬೇಡವೇ ಬೇಡ. ಅದರಲ್ಲಿ ಕರೆಂಟ್ ಹರಿಯುತ್ತೆ ಅಂತ ನಮಗೆ ಯಾರಾದ್ರೂ ಹೇಳಿಕೊಡಬೇಕಾ? ನೀರು ಇಳಿಯೋ ತೂತುಗಳನ್ನೂ ಮುಚ್ಚಬಾರದು. ಇಷ್ಟಾದ ಮೇಲೂ ಉಳಿದ ಇಲಿಗೆ ಅಜ್ಜಿ ಮನೆಯ ಬೋನು, ಒಂದು ತುಂಡು ಕೊಬ್ಬರಿ ಸಾಕು.

ಗೂಡು ಸಿಕ್ಕರೆ ಪೊರಕೆ ಹಿಡಿದು ಧೂಳೆಬ್ಬಿಸಬೇಡಿ. ಇಲಿ ಮೂತ್ರದಿಂದ ಇಲಿಜ್ವರ ಹರಡುತ್ತೆ. ಗ್ಲೌಸ್ ಹಾಕ್ಕೊಂಡು, ಬ್ಲೀಚಿಂಗ್ ನೀರಲ್ಲಿ ನೆನೆಸಿ, ಆಮೇಲೆ ಒರೆಸಿ ತೆಗೀರಿ.

ಇದೆಲ್ಲ ನಾವು ಮಾಡ್ತೀವಿ. ಆದರೆ ಮೆಸ್‌ನ ಮುಸುರೆ ಡ್ರಮ್ ಶೆಡ್ ಗೋಡೆಗೆ ಅಂಟಿಕೊಂಡೇ, ಮುಚ್ಚಳವಿಲ್ಲದೆ ನಿಂತಿರೋವರೆಗೂ ಯಾವ ಜಾಲರಿಯೂ ಸಾಲದು. ಪಾಷಾಣಕ್ಕೆ ಅಂತ ಎತ್ತುತ್ತಿರುವ ದುಡ್ಡಲ್ಲಿ ಮೊದಲು ಎರಡು ಮುಚ್ಚಳದ ಡ್ರಮ್ ತರೋಣ. ಅವನ್ನು ಎಲ್ಲಿಡಬೇಕು ಅಂತ ವಾರ್ಡನ್ ಸರ್ ಜೊತೆ ಈ ಶನಿವಾರ ಮಾತಾಡ್ತಿದ್ದೀವಿ, ಗಾಡಿ ಇರೋರು, ಇಲ್ಲದೋರು ಎಲ್ಲರೂ ಬನ್ನಿ.